ಗೇಟಿನ ಮುಂದಿನ ಗೆರೆ: ಅಮೆರಿಕದ ಕಾರ್ಮಿಕರು ಮುಷ್ಕರದ ಬಗ್ಗೆ ಏನಂದುಕೊಳ್ಳುತ್ತಾರೆ

2024ರ ಸೆಪ್ಟೆಂಬರ್ 12. ಸಿಯಾಟಲ್ ಸುತ್ತಮುತ್ತ ಬೋಯಿಂಗ್ ವಿಮಾನ ಕಟ್ಟುವ ಸುಮಾರು 33,000 ಕಾರ್ಮಿಕರು ಅಂದು ಮತ ಹಾಕಿದರು. ಅವರ ಮುಂದಿದ್ದದ್ದು ನಾಲ್ಕು ವರ್ಷದಲ್ಲಿ ಶೇ 25ರಷ್ಟು ಸಂಬಳ ಏರಿಸುವ ಒಪ್ಪಂದ. ಒಪ್ಪಿಕೊಳ್ಳಿ ಎಂದು ಯೂನಿಯನ್ ಮುಖಂಡರೇ ಸಲಹೆ ಕೊಟ್ಟಿದ್ದರು. ಎಣಿಕೆ ಮುಗಿದಾಗ ಶೇ 94.6ರಷ್ಟು ಜನ ಬೇಡ ಎಂದಿದ್ದರು. ಮಧ್ಯರಾತ್ರಿ ದಾಟುತ್ತಿದ್ದ ಹಾಗೆ ರೆಂಟನ್, ಎವರೆಟ್ ಕಾರ್ಖಾನೆಗಳ ಗೇಟಿನ ಮುಂದೆ ಫಲಕ ಹಿಡಿದು ನಿಂತರು.

ನಾಯಕರು ಎತ್ತಿಕಟ್ಟುತ್ತಾರೆ, ಕಾರ್ಮಿಕರು ಕುರಿಗಳ ಹಾಗೆ ಹಿಂದೆ ಹೋಗುತ್ತಾರೆ. ಮುಷ್ಕರದ ಬಗ್ಗೆ ಬಹಳ ಜನ ಹೀಗೇ ನಂಬಿದ್ದಾರೆ. ಆ ರಾತ್ರಿ ಆದದ್ದು ಪೂರ್ತಿ ಉಲ್ಟಾ. ನಾಯಕರು ಸಾಕು ಅಂದರು, ಕೆಳಗಿನವರು ಸಾಲದು ಅಂದರು.

ಹಾಗಂತ ಅವರೇನೂ ಖುಷಿಯಿಂದ ಹೊರಗೆ ಬಂದವರಲ್ಲ. ಮುಷ್ಕರ ಶುರುವಾದ ದಿನದಿಂದ ಸಂಬಳ ನಿಂತಿತು. ಯೂನಿಯನ್ ನಿಧಿಯಿಂದ ವಾರಕ್ಕೆ 250 ಡಾಲರ್ ಭತ್ಯೆ, ಅದೂ ಮೂರನೇ ವಾರದಿಂದ. ಸೆಪ್ಟೆಂಬರ್ 30ಕ್ಕೆ ಕಂಪನಿ ಕೊಡುತ್ತಿದ್ದ ಆರೋಗ್ಯ ವಿಮೆ ಮುಗಿಯಿತು. ಅಮೆರಿಕದಲ್ಲಿ ಕೆಲಸಕ್ಕೆ ಅಂಟಿಕೊಂಡೇ ವಿಮೆ ಇರುತ್ತದೆ. ಅದು ಹೋದರೆ ಮಗುವಿನ ಔಷಧಿ ಚೀಟಿ, ಹೆಂಡತಿಯ ಹೆರಿಗೆಯ ದಿನಾಂಕ, ಎಲ್ಲವೂ ಮುಷ್ಕರದ ಲೆಕ್ಕಕ್ಕೆ ಬಂದುಬಿಡುತ್ತವೆ. ಗೇಟಿನ ಹತ್ತಿರ ಕಬ್ಬಿಣದ ಪೀಪಾಯಿಯಲ್ಲಿ ಕಟ್ಟಿಗೆ ಉರಿಸಿಕೊಂಡು ಪಾಳಿ ಪ್ರಕಾರ ನಿಲ್ಲುವುದು. ಪಾಳಿ ಮುಗಿದ ಮೇಲೆ ಕಾರು ಹತ್ತಿ ಊಟ ತಲುಪಿಸುವ ಕೆಲಸವೋ, ಗೋದಾಮಿನ ಕೆಲಸವೋ ಮಾಡುವುದು. ಅಲ್ಲಿ ಎಷ್ಟೋ ಜನರ ದಿನಚರಿ ಇದೇ ಆಗಿತ್ತು.

ಯಾಕಷ್ಟು ಹಠ? ಉತ್ತರ ಹತ್ತು ವರ್ಷ ಹಿಂದಿದೆ. 2014ರ ಜನವರಿ 3ರಂದು ಇದೇ ಕಾರ್ಮಿಕರು ಒಂದು ಒಪ್ಪಂದಕ್ಕೆ ಮತ ಹಾಕಿದ್ದರು. ಒಪ್ಪದಿದ್ದರೆ ಹೊಸ 777ಎಕ್ಸ್ ವಿಮಾನದ ಕೆಲಸ ಬೇರೆ ರಾಜ್ಯಕ್ಕೆ ಹೋಗಬಹುದು ಎಂಬ ಭಯ ಇತ್ತು. ಸ್ಥಳೀಯ ಮುಖಂಡರು ಬೇಡ ಅಂದರೂ ಮೇಲಿನ ರಾಷ್ಟ್ರೀಯ ಯೂನಿಯನ್ ಮತದಾನ ಮಾಡಿಸಿತು. ಶೇ 51ರಷ್ಟು ಮತದಿಂದ ಒಪ್ಪಂದ ಗೆದ್ದಿತು, ಖಾತರಿ ಪಿಂಚಣಿ ಹೋಯಿತು. ಕೂದಲೆಳೆಯ ಅಂತರದಲ್ಲಿ, ಮೇಲಿನಿಂದ ಬಂದ ಒತ್ತಡದಲ್ಲಿ ಕಳೆದುಕೊಂಡದ್ದನ್ನು ಜನ ಮರೆಯಲಿಲ್ಲ. 2024ರಲ್ಲಿ ಕಂಪನಿ ಏರಿಕೆಯನ್ನು ಶೇ 35ಕ್ಕೆ ತಂದಾಗಲೂ ಶೇ 64ರಷ್ಟು ಜನ ತಿರಸ್ಕರಿಸಿದರು. ನವೆಂಬರ್ 4ರಂದು ಶೇ 38ರ ಏರಿಕೆಗೆ ಶೇ 59ರಷ್ಟು ಜನ ಹೂಂ ಅಂದರು. 53 ದಿನದ ಮುಷ್ಕರ ಮುಗಿಯಿತು. ಪಿಂಚಣಿ ಮಾತ್ರ ವಾಪಸ್ ಬರಲಿಲ್ಲ.

ಮೂರು ಮತದಾನಗಳಲ್ಲಿ ಬೇಡ ಎಂದವರ ಶೇಕಡಾವಾರು ಅಂಕಿಗಳನ್ನು ಸಾಲಾಗಿ ನೋಡಿ. 94.6, ಆಮೇಲೆ 64, ಕೊನೆಗೆ 41. ಅದೇ ಜನ, ಅದೇ ಗೇಟು. ಒಬ್ಬೊಬ್ಬರ ತಾಳ್ಮೆ ಒಂದೊಂದು ವಾರಕ್ಕೆ ಮುಗಿದಿದೆ. ಕಾರ್ಮಿಕರು ಮುಷ್ಕರದ ಪರವೋ ವಿರೋಧವೋ ಎಂದು ಕೇಳಿದರೆ ಅದಕ್ಕೆ ಒಂದೇ ಉತ್ತರ ಸಿಗುವುದಿಲ್ಲ. ಆದರೆ ಅಲ್ಲಿನ ಮುಷ್ಕರಗಳ ಕಥೆ ಓದುತ್ತಾ ಹೋದಂತೆ ನನಗೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಮುಷ್ಕರವಾಗಲಿ, ಗೇಟಿನ ಮುಂದೆ ಫಲಕ ಹಿಡಿದು ನಿಲ್ಲುವ ಪಿಕೆಟ್ ಲೈನ್ ಆಗಲಿ, ಯೂನಿಯನ್ನಿನ ಕೆಲಸದ ನಿಯಮವಾಗಲಿ, ಇದು ನಾವು ಕೂತು ತೀರ್ಮಾನ ಮಾಡಿದ್ದು ಅಂತ ಅನ್ನಿಸಿದರೆ ಜನ ಹೊಟ್ಟೆ ಕಟ್ಟಿಕೊಂಡಾದರೂ ನಿಲ್ಲುತ್ತಾರೆ. ತಮ್ಮನ್ನು ಕೇಳದೆ ತಲೆ ಮೇಲೆ ಹೇರಿದ್ದು ಅಂತ ಅನ್ನಿಸಿದರೆ ಕಟ್ಟಾ ಯೂನಿಯನ್ ಮನೆಯವರೂ ಗೊಣಗಲು ಶುರು ಮಾಡುತ್ತಾರೆ.

ಹಕ್ಕಿದೆ, ಆದರೆ ಕುರ್ಚಿ ಉಳಿಯುತ್ತಾ?

ಮುಷ್ಕರಕ್ಕೆ ಹಿಂಜರಿಯುವವರನ್ನು ಹೇಡಿ ಎಂದು ಕರೆಯುವುದು ಸುಲಭ. ಕಾನೂನು ಹೇಗಿದೆ ಅಂತ ತಿಳಿದರೆ ಆ ಮಾತು ಬಾಯಿಗೆ ಬರುವುದಿಲ್ಲ.

1935ರ ವ್ಯಾಗ್ನರ್ ಕಾಯ್ದೆ ಖಾಸಗಿ ಕಂಪನಿಗಳ ಕಾರ್ಮಿಕರಿಗೆ ಸಂಘ ಕಟ್ಟುವ, ಮುಷ್ಕರ ಹೂಡುವ ಹಕ್ಕು ಕೊಟ್ಟಿತು. ಮೂರೇ ವರ್ಷಕ್ಕೆ, 1938ರಲ್ಲಿ, ಮೆಕೇ ರೇಡಿಯೊ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸೇರಿಸಿತು. ಮುಷ್ಕರ ಮಾಡಿದ ಕಾರಣಕ್ಕೆ ಯಾರನ್ನೂ ವಜಾ ಮಾಡುವ ಹಾಗಿಲ್ಲ. ಆದರೆ ಅವರ ಜಾಗಕ್ಕೆ ಬೇರೆಯವರನ್ನು ಕಾಯಂ ಆಗಿ ತಂದು ಕೂರಿಸಬಹುದು. ಸಂಬಳ, ಸೌಲಭ್ಯಕ್ಕಾಗಿ ಹೂಡಿದ ಮುಷ್ಕರಕ್ಕೆ ಇದು ಅನ್ವಯಿಸುತ್ತದೆ. ಮುಷ್ಕರ ಮುಗಿದ ಮೇಲೆ ಜಾಗ ಖಾಲಿಯಾದರೆ ಮೊದಲು ನಿಮ್ಮನ್ನೇ ಕರೆಯಬೇಕು, ನಿಜ. ಜಾಗ ಖಾಲಿಯೇ ಆಗದಿದ್ದರೆ? ಕೆಲಸದಿಂದ ತೆಗೆದಿಲ್ಲ ಅಂತ ಕಾಗದದಲ್ಲಿ ಇರುತ್ತದೆ. ನಿಮ್ಮ ಯಂತ್ರದ ಮುಂದೆ ಬೇರೆಯವರು ನಿಂತಿರುತ್ತಾರೆ. ಮನೆ ಸಾಲ ಕಟ್ಟುವವರಿಗೆ ಈ ಎರಡರ ನಡುವೆ ಏನು ವ್ಯತ್ಯಾಸ ಕಂಡೀತು?

ಕಂಪನಿಯೇ ಕಾನೂನು ಮುರಿದದ್ದಕ್ಕೆ ಹೂಡಿದ ಮುಷ್ಕರವಾದರೆ ಕಾಯಂ ಬದಲಿ ಜನ ತರುವ ಹಾಗಿಲ್ಲ. ಅದಕ್ಕೇ ಎಷ್ಟೋ ಯೂನಿಯನ್‌ಗಳು ಮುಷ್ಕರಕ್ಕೆ ಆ ಕಾರಣವನ್ನೂ ಸೇರಿಸಿ ಫಲಕದ ಮೇಲೆ ಬರೆಸುತ್ತವೆ. ಹೊರಗಿನವರಿಗೆ ಅದು ಸುಮ್ನೆ ಒಂದು ಘೋಷಣೆ. ಒಳಗಿನವರಿಗೆ ಕೆಲಸ ಉಳಿಸುವ ಬೀಗ.

1981ರ ಆಗಸ್ಟ್ ತಿಂಗಳನ್ನು ಅಲ್ಲಿನ ಹಳೆಯ ಕಾರ್ಮಿಕರು ಇಂದಿಗೂ ನೆನೆಯುತ್ತಾರೆ. ವಿಮಾನ ಸಂಚಾರ ನಿಯಂತ್ರಕರ ಯೂನಿಯನ್ ಆಗಸ್ಟ್ 3ರಂದು ಮುಷ್ಕರ ಹೂಡಿತು. ಅವರು ಸರ್ಕಾರಿ ನೌಕರರು, ಅವರಿಗೆ ಮುಷ್ಕರದ ಹಕ್ಕೇ ಇರಲಿಲ್ಲ. ಅಧ್ಯಕ್ಷ ರೇಗನ್ 48 ಗಂಟೆ ಗಡುವು ಕೊಟ್ಟರು. ವಾಪಸ್ ಬಾರದ 11,000ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆ ದಿನಗಳಲ್ಲಿ ಪೈಲಟ್‌ಗಳು ವಿಮಾನ ಹಾರಿಸುತ್ತಲೇ ಇದ್ದರು. ಅವರೂ ಯೂನಿಯನ್ ಸದಸ್ಯರೇ. ಸರ್ಕಾರವೇ ಹೀಗೆ ಮಾಡಿದ ಮೇಲೆ ಖಾಸಗಿ ಕಂಪನಿಗಳಿಗೂ ಧೈರ್ಯ ಬಂತು. ಕಾಯಂ ಬದಲಿ ಎಂಬ ಹಳೆಯ ಅಸ್ತ್ರ 80ರ ದಶಕದಲ್ಲಿ ಹೊರಗೆ ಬಂತು.

ಇಂದಿನ ಚಿತ್ರ ವಿಚಿತ್ರವಾಗಿದೆ. ಗ್ಯಾಲಪ್ ಸಮೀಕ್ಷೆಯಲ್ಲಿ 2022ರಲ್ಲಿ ಶೇ 71ರಷ್ಟು ಅಮೆರಿಕನ್ನರು ಯೂನಿಯನ್‌ಗಳನ್ನು ಮೆಚ್ಚುತ್ತೇವೆ ಅಂದರು. 1965ರಿಂದ ಈಚೆಗೆ ಅಷ್ಟು ಜಾಸ್ತಿ ಆದದ್ದು ಅದೇ ಮೊದಲು. ಆದರೆ ಯೂನಿಯನ್ ಸದಸ್ಯರ ಪಾಲು 1983ರಲ್ಲಿ ಶೇ 20.1 ಇದ್ದದ್ದು 2024ಕ್ಕೆ ಶೇ 9.9ಕ್ಕೆ ಇಳಿದಿದೆ. ಮೆಚ್ಚುವವರು ಹತ್ತಕ್ಕೆ ಏಳು, ಒಳಗಿರುವವರು ಹತ್ತಕ್ಕೆ ಒಬ್ಬರು. ಮನಸ್ಸಿಲ್ಲ ಅಂತ ಜನ ದೂರ ಇದ್ದಾರೆ ಎಂದು ನಾನು ನಂಬುವುದಿಲ್ಲ. ಭಯಕ್ಕೆ ಸಾಕಷ್ಟು ಕಾರಣ ಕಾನೂನಿನಲ್ಲೇ ಇದೆ.

ಆ ಭಯ ಸ್ವಲ್ಪ ಕಡಿಮೆ ಮಾಡುವ ಕೆಲಸ ಕೆಲವು ರಾಜ್ಯಗಳಲ್ಲಿ ಆಗುತ್ತಿದೆ. ಕೆಲಸ ಕಳೆದುಕೊಂಡವರಿಗೆ ಸಿಗುವ ನಿರುದ್ಯೋಗ ಭತ್ಯೆಯನ್ನು ಮುಷ್ಕರನಿರತರಿಗೂ ಕೊಡುವ ಕಾನೂನು ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ಮೊದಲೇ ಇತ್ತು. 2025ರಲ್ಲಿ ವಾಷಿಂಗ್ಟನ್, ಆರೆಗನ್ ರಾಜ್ಯಗಳೂ ಸೇರಿಕೊಂಡವು. ವಾಷಿಂಗ್ಟನ್ ಅಂದರೆ ಬೋಯಿಂಗ್ ಕಾರ್ಮಿಕರ ರಾಜ್ಯವೇ. ನಮ್ಮ ತೆರಿಗೆ ದುಡ್ಡು ಯಾಕೆ ಎಂದು ಕೇಳುವವರು ಅಲ್ಲಿ ಬೇಕಾದಷ್ಟಿದ್ದಾರೆ. ಆದರೆ ಹಸಿವಿನಿಂದ ಸೋಲಿಸುವ ಆಟದಲ್ಲಿ ಒಂದು ಕಡೆಯವರ ಬಳಿ ಮಾತ್ರ ದವಸ ಇದ್ದರೆ ಅದು ಸಂಧಾನ ಹೇಗಾಗುತ್ತದೆ?

ದಾಟಿದವರು, ದಾಟದವರು

ಪಿಕೆಟ್ ಲೈನ್ ಅಂದರೆ ನೆಲದ ಮೇಲೆ ಎಳೆದ ಗೆರೆ ಅಲ್ಲ. ಗೇಟಿನ ಮುಂದೆ ಫಲಕ ಹಿಡಿದು ಆಚೀಚೆ ನಡೆದಾಡುವ ಹತ್ತಿಪ್ಪತ್ತು ಜನ, ಅಷ್ಟೇ. ಯಾರನ್ನೂ ಹಿಡಿದು ನಿಲ್ಲಿಸುವ ಹಾಗಿಲ್ಲ. ಗಾಡಿಗೆ ಅಡ್ಡ ಮಲಗಿದರೆ ಪೊಲೀಸರು ಬರುತ್ತಾರೆ. ಗೋಡೆಯೂ ಇಲ್ಲ, ಬೇಲಿಯೂ ಇಲ್ಲ. ಆದರೂ ಎಷ್ಟೋ ಜನ ಅದನ್ನು ದಾಟಲಾರರು. ಅಪ್ಪ ದಾಟಿರಲಿಲ್ಲ, ಅಜ್ಜ ದಾಟಿರಲಿಲ್ಲ ಎಂದು ಹೇಳುವ ಮನೆಗಳಿವೆ.

ಒಂದು ಲಾರಿ ಬರುತ್ತದೆ ಅಂದುಕೊಳ್ಳಿ. ಚಾಲಕ ಟೀಮ್‌ಸ್ಟರ್ಸ್ ಯೂನಿಯನ್ನಿನವರು. ಮುಷ್ಕರ ಅವರದಲ್ಲ, ಕಂಪನಿಯೂ ಅವರದಲ್ಲ. ಫಲಕ ಕಂಡ ತಕ್ಷಣ ಲಾರಿ ಬದಿಗೆ ಹಾಕಿ ಆಫೀಸಿಗೆ ಫೋನ್ ಮಾಡುತ್ತಾರೆ. ಅವರ ಒಪ್ಪಂದದಲ್ಲೇ ಪಿಕೆಟ್ ಲೈನ್ ದಾಟದಿರುವ ಹಕ್ಕು ಬರೆದಿದ್ದರೆ, ಪಾರ್ಸೆಲ್ ಕಂಪನಿ ಯುಪಿಎಸ್‌ನಲ್ಲಿ ಹಾಗೆ ಬರೆದಿದೆ, ಅದಕ್ಕಾಗಿ ಶಿಕ್ಷೆ ಕೊಡುವ ಹಾಗಿಲ್ಲ. ಸರಕು ಒಳಗೆ ಹೋಗಲೇಬೇಕು ಅಂದರೆ ಯಾರಾದರೂ ಮ್ಯಾನೇಜರ್ ಬಂದು ಲಾರಿ ಓಡಿಸಿಕೊಂಡು ಹೋಗಬೇಕು. 2023ರಲ್ಲಿ ಹಾಲಿವುಡ್ ಬರಹಗಾರರು 148 ದಿನ ಮುಷ್ಕರ ಹೂಡಿದಾಗ ಬೆಳಗಿನ ಜಾವವೇ ಸ್ಟುಡಿಯೊ ಗೇಟಿಗೆ ಹೋಗಿ ನಿಲ್ಲುತ್ತಿದ್ದರು. ಅವರನ್ನು ಕಂಡು ಟೀಮ್‌ಸ್ಟರ್ಸ್ ಚಾಲಕರು ಗಾಡಿ ತಿರುಗಿಸುತ್ತಿದ್ದರು. ಆ ದಿನದ ಚಿತ್ರೀಕರಣ ಅಲ್ಲಿಗೇ ನಿಲ್ಲುತ್ತಿತ್ತು. ಒಂದು ಪದವನ್ನೂ ಬರೆಯದ ಚಾಲಕರು ಬರಹಗಾರರ ಮುಷ್ಕರಕ್ಕೆ ಬೆನ್ನೆಲುಬಾದರು.

ಎಲ್ಲರಿಗೂ ಈ ಹಕ್ಕಿಲ್ಲ. ಬಹುತೇಕ ಒಪ್ಪಂದಗಳಲ್ಲಿ ಅವಧಿ ಮುಗಿಯುವ ತನಕ ಮುಷ್ಕರ ಮಾಡುವುದಿಲ್ಲ ಎಂಬ ಷರತ್ತು ಇರುತ್ತದೆ. ಪಕ್ಕದ ಯೂನಿಯನ್ನಿನವರು ಬೀದಿಗಿಳಿದಾಗಲೂ ಅದು ಕಟ್ಟಿಹಾಕಬಹುದು. 1947ರ ಟ್ಯಾಫ್ಟ್-ಹಾರ್ಟ್ಲಿ ಕಾಯ್ದೆ ಬಂದ ಮೇಲೆ ಜಗಳಕ್ಕೆ ಸಂಬಂಧವಿಲ್ಲದ ಕಂಪನಿಯ ಮೇಲೆ ಒತ್ತಡ ಹಾಕಲು ಪಿಕೆಟ್ ಮಾಡುವುದೂ ಕಾನೂನುಬಾಹಿರವಾಯಿತು. ಕಟ್ಟಡದ ಕೆಲಸಗಳಲ್ಲಿ ಇದು ಇನ್ನೂ ಸೂಕ್ಷ್ಮ. ಒಂದೇ ಜಾಗದಲ್ಲಿ ಎಲೆಕ್ಟ್ರಿಷಿಯನ್‌ಗಳ ಕಂಪನಿ ಬೇರೆ, ಪ್ಲಂಬರ್‌ಗಳ ಕಂಪನಿ ಬೇರೆ. ಅದಕ್ಕೆ ಎರಡು ಗೇಟು ಮಾಡುತ್ತಾರೆ. ಜಗಳ ಇರುವ ಕಂಪನಿಯವರಿಗೆ ಒಂದು, ಉಳಿದವರಿಗೆ ಇನ್ನೊಂದು. ಪಿಕೆಟ್ ಮೊದಲ ಗೇಟಿನ ಮುಂದೆ ಮಾತ್ರ. ಎರಡನೇ ಗೇಟಿನಲ್ಲಿ ಒಳಗೆ ಹೋದವರು ಕಾನೂನಿನ ಪ್ರಕಾರ ಏನೂ ದಾಟಿಲ್ಲ. ಮನಸ್ಸಿಗೆ ಮಾತ್ರ ಹಾಗೆ ಅನ್ನಿಸುವುದಿಲ್ಲ. ಇಪ್ಪತ್ತು ಮಾರು ದೂರದಲ್ಲಿ ಪರಿಚಯದ ಮುಖಗಳು ನಿಂತಿರುತ್ತವೆ.

ದಾಟಿದವರಿಗೆ ಅಲ್ಲಿ ಸ್ಕ್ಯಾಬ್ ಎನ್ನುತ್ತಾರೆ. ಗಾಯದ ಮೇಲೆ ಕಟ್ಟುವ ಹಕ್ಕಳೆಗೆ ಇರುವ ಹೆಸರೇ ಅದು. ಇಂಗ್ಲಿಷಿನ ಬೈಗುಳಗಳಲ್ಲಿ ಇಷ್ಟು ದೀರ್ಘ ನೆನಪಿರುವ ಬೈಗುಳ ಕಡಿಮೆ. ಮಿನ್ನೆಸೋಟ ರಾಜ್ಯದ ಆಸ್ಟಿನ್ ಎಂಬ ಊರಿನಲ್ಲಿ ಹಾರ್ಮೆಲ್ ಕಂಪನಿಯ ಮಾಂಸದ ಕಾರ್ಖಾನೆ ಇದೆ. 1984ರಲ್ಲಿ ಕಂಪನಿ ಗಂಟೆಯ ಕೂಲಿಯನ್ನು 10.69 ಡಾಲರ್‌ನಿಂದ 8.25ಕ್ಕೆ ಇಳಿಸಿತು. 1985ರ ಆಗಸ್ಟ್‌ನಲ್ಲಿ ಸುಮಾರು 1,500 ಜನ ಮುಷ್ಕರ ಹೂಡಿದರು. 1986ರ ಜನವರಿಯಲ್ಲಿ ಕಂಪನಿ ಹೊಸಬರನ್ನು ತಂದು ಕಾರ್ಖಾನೆ ತೆರೆಯಿತು. ಆಗ ಯೂನಿಯನ್ನಿನ ನೂರಾರು ಸದಸ್ಯರೂ ಒಳಗೆ ಹೋದರು. ಅಣ್ಣ ಒಳಗೆ, ತಮ್ಮ ಹೊರಗೆ. ರಾಷ್ಟ್ರೀಯ ಯೂನಿಯನ್ ಸ್ಥಳೀಯ ಘಟಕದ ಕೈಬಿಟ್ಟಿತು. ಸಣ್ಣ ಊರು ಅದು. ಚರ್ಚಿನಲ್ಲಿ, ಶಾಲೆಯ ಬಾಗಿಲಲ್ಲಿ ದಿನಾ ಎದುರುಬದುರಾಗಬೇಕು. ಮುಷ್ಕರ ಮುಗಿದು ದಶಕಗಳಾದರೂ ಆ ಮುನಿಸು ಆರಲಿಲ್ಲ.

ನನಗೆ ಇಲ್ಲಿ ಎರಡೂ ಕಡೆಯವರ ನೋವು ಅರ್ಥವಾಗುತ್ತದೆ. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಒಬ್ಬರು ಒಳಗೆ ಹೋದಾಗ ಹೊರಗಿನ ಪ್ರತಿಯೊಬ್ಬರ ಮುಷ್ಕರವೂ ಒಂದು ದಿನ ಉದ್ದವಾಗುತ್ತದೆ. ಕೊನೆಗೆ ಏರಿಕೆ ಸಿಕ್ಕರೆ ಒಳಗೆ ಹೋದವರಿಗೂ ಸಿಗುತ್ತದೆ. ಕೋಪ ಇರುವುದು ಅಲ್ಲೇ. ಆದರೆ ಮಗುವಿನ ಚಿಕಿತ್ಸೆ ನಿಂತುಹೋಗಿ ದಾರಿ ಕಾಣದೆ ದಾಟಿದವರನ್ನೂ, ಇದೇ ಸಮಯ ಅಂತ ಮೇಲಿನ ಹುದ್ದೆಗೆ ಕಣ್ಣಿಟ್ಟು ದಾಟಿದವರನ್ನೂ ಒಂದೇ ಹೆಸರಿನಿಂದ ಕರೆಯುವುದು ಅನ್ಯಾಯ. ಒಳ್ಳೆಯ ಘಟಕಗಳು ಮುಷ್ಕರಕ್ಕೆ ಮೊದಲೇ ಕಷ್ಟದಲ್ಲಿರುವವರ ಪಟ್ಟಿ ಮಾಡುತ್ತವೆ. ಬಾಡಿಗೆಗೆ, ಔಷಧಿಗೆ ಬೇರೆ ನಿಧಿ ಇಡುತ್ತವೆ. ದಾಟುವ ಸ್ಥಿತಿಗೇ ಯಾರೂ ಬರಬಾರದು ಅನ್ನುವುದು ಅದರ ಉದ್ದೇಶ. ದಾಟಿದ ಮೇಲೆ ಬೈಯುವುದಕ್ಕಿಂತ ಎಷ್ಟೋ ದೊಡ್ಡ ಕೆಲಸ ಅದು.

ಕಾನೂನೂ ಇಲ್ಲಿ ಎರಡು ಮನಸ್ಸಿನಲ್ಲಿದೆ. ಗೆರೆ ದಾಟಿದ ಸದಸ್ಯರಿಗೆ ಯೂನಿಯನ್ ದಂಡ ಹಾಕಬಹುದು ಎಂದು 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು ದಾಟಿದರೆ ದಂಡ ಹಾಕುವ ಹಾಗಿಲ್ಲ ಎಂದು 1985ರಲ್ಲಿ ಹೇಳಿತು. ಅಂದರೆ ಗೇಟಿನ ಮುಂದೆ ನಿಂತು ಒಂದು ಚೀಟಿ ಬರೆದುಕೊಟ್ಟರೆ ಸಾಕು. ದಂಡದ ಭಯದಿಂದ ಜನರನ್ನು ಹೊರಗೆ ನಿಲ್ಲಿಸುವ ದಾರಿ ಅಲ್ಲಿಗೆ ಮುಚ್ಚಿತು. ಮನಸ್ಸೊಪ್ಪಿ ನಿಂತವರಷ್ಟೇ ನಿಜವಾಗಿ ನಿಂತವರು.

ದಾದಿಯರ ವಿಷಯ ಇದಕ್ಕಿಂತ ಕಷ್ಟ. ಕಾರು ಕಟ್ಟುವುದು ನಿಂತರೆ ಕಾರು ತಡವಾಗುತ್ತದೆ. ವಾರ್ಡಿನಲ್ಲಿ ಮಲಗಿದವರ ಕಥೆ ಹಾಗಲ್ಲ. ಆಸ್ಪತ್ರೆಯಲ್ಲಿ ಮುಷ್ಕರಕ್ಕೆ ಹತ್ತು ದಿನ ಮೊದಲೇ ನೋಟಿಸ್ ಕೊಡಬೇಕು ಎಂದು 1974ರಿಂದ ಕಾನೂನಿದೆ. ಅಲ್ಲಿನ ಮುಷ್ಕರಗಳು ಹೆಚ್ಚಾಗಿ ಅವಧಿ ಗೊತ್ತುಮಾಡಿಕೊಂಡೇ ಶುರುವಾಗುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಮಿನ್ನೆಸೋಟದ ಸುಮಾರು 15,000 ದಾದಿಯರು ಮೂರು ದಿನ ಹೊರಗೆ ನಿಂತರು. ಮರುವರ್ಷ ಅಕ್ಟೋಬರ್‌ನಲ್ಲಿ ಕೈಸರ್ ಆಸ್ಪತ್ರೆಗಳ 75,000ಕ್ಕೂ ಹೆಚ್ಚು ನೌಕರರು ನಿಂತದ್ದೂ ಮೂರು ದಿನ. ಎರಡೂ ಕಡೆ ಸಂಬಳದ ಜೊತೆ ಕೇಳಿಬಂದ ದೊಡ್ಡ ಮಾತು ಒಂದೇ. ಪಾಳಿಗೆ ಜನ ಸಾಲುತ್ತಿಲ್ಲ.

ಒಬ್ಬ ದಾದಿಗೆ ಎಷ್ಟು ರೋಗಿಗಳು ಎಂಬುದು ಕೆಲಸದ ನಿಯಮ. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಅದನ್ನೇ ಕಾನೂನು ಮಾಡಿದರು, 2004ರಿಂದ ಜಾರಿಗೆ ತಂದರು. ತೀವ್ರ ನಿಗಾ ಘಟಕದಲ್ಲಿ ಇಬ್ಬರು ರೋಗಿಗಳಿಗೆ ಒಬ್ಬ ದಾದಿ. ದಾದಿಯರ ಸಂಘಗಳು ವರ್ಷಗಟ್ಟಲೆ ಹೋರಾಡಿ ತಂದ ನಿಯಮ ಅದು. ಯೂನಿಯನ್ ನಿಯಮ ಅಂದರೆ ಸೋಮಾರಿತನಕ್ಕೆ ರಕ್ಷಣೆ ಎನ್ನುವವರು ಆ ಹಾಸಿಗೆಯ ಪಕ್ಕ ಒಂದು ರಾತ್ರಿ ಕೂತು ನೋಡಬೇಕು.

ನಿಯಮ ಯಾಕೆ ಹುಟ್ಟಿತು, ಯಾಕೆ ಉಳಿಯಿತು

ಹೊರಗಿನವರು ಯೂನಿಯನ್ ನಿಯಮಗಳನ್ನು ಬೈಯುತ್ತಾರೆ ಸರಿ. ಒಳಗಿನವರೂ ಬೈಯುತ್ತಾರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಒಳಗಿನವರ ಬೈಗುಳವೇ ಜಾಸ್ತಿ ಖಾರ.

ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ ಕಥೆ ಕೇಳಿ. 1934ಕ್ಕೆ ಮೊದಲು ಹಡಗಿನ ಹಮಾಲರು ನಸುಕಿನಲ್ಲೇ ಎದ್ದು ಕಡಲ ದಂಡೆಯಲ್ಲಿ ಗುಂಪಾಗಿ ನಿಲ್ಲಬೇಕಿತ್ತು. ಮೇಸ್ತ್ರಿ ಬಂದು ಬೆರಳು ತೋರಿಸಿ ಆರಿಸುತ್ತಿದ್ದ. ಲಂಚ ಕೊಟ್ಟವರಿಗೆ ಕೆಲಸ, ಎದುರು ಮಾತಾಡಿದವರು ಮನೆಗೆ. ಆ ವರ್ಷ ಮೇ 9ರಂದು ಶುರುವಾದ ಮುಷ್ಕರ 83 ದಿನ ನಡೆಯಿತು. ಜುಲೈ 5ರಂದು ಪೊಲೀಸರ ಗುಂಡಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಬ್ಬರು ಸತ್ತರು. ಆಮೇಲೆ ಬಂದ ತೀರ್ಪಿನಲ್ಲಿ ಕೆಲಸ ಹಂಚುವ ಹಾಲ್ ಸಿಕ್ಕಿತು. ಅಲ್ಲಿ ಪಾಳಿ ಪ್ರಕಾರ ಕೆಲಸ ಕೊಡುವವರು ಯೂನಿಯನ್ ಆರಿಸಿದ ಜನ. ಮುಂದಿನ ವರ್ಷಗಳಲ್ಲಿ ಇನ್ನೊಂದು ನಿಯಮ ಬಂತು. ಹಗ್ಗದ ಜೋಲಿಯಲ್ಲಿ ಒಮ್ಮೆಗೆ ಎತ್ತುವ ಸರಕು 2,100 ಪೌಂಡ್ ದಾಟಬಾರದು, ಅಂದರೆ ಸುಮಾರು 950 ಕಿಲೋ. ತಲೆಯ ಮೇಲೆ ತೂಗುವ ಭಾರ ಅದು. ಹಗ್ಗ ಹರಿದರೆ ಕೆಳಗಿದ್ದವರ ಕಥೆ ಮುಗಿದ ಹಾಗೆ.

ಅದೇ ಬಂದರಿನಲ್ಲಿ ಇನ್ನೊಂದು ರೂಢಿಯೂ ಬೆಳೆಯಿತು. ಹಡಗಿನೊಳಗೆ ಎಂಟು ಜನರ ತಂಡ ಇದ್ದರೆ ನಾಲ್ವರು ಕೆಲಸ ಮಾಡುವುದು, ನಾಲ್ವರು ಕೂರುವುದು. ಶುರುವಿನಲ್ಲಿ ಅದು ಸುಸ್ತು ಆರಿಸಿಕೊಳ್ಳುವ ದಾರಿ. ಬರಬರುತ್ತಾ ಅದೇ ವಾಡಿಕೆಯಾಯಿತು. ಯೂನಿಯನ್ ನಾಯಕ ಹ್ಯಾರಿ ಬ್ರಿಡ್ಜಸ್‌ಗೆ ಇದು ಹೀಗೇ ನಡೆಯದು ಅಂತ ಗೊತ್ತಿತ್ತು. 1960ರಲ್ಲಿ ಅವರು ಹಡಗು ಕಂಪನಿಗಳ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ಯಂತ್ರ ತನ್ನಿ, ಹಳೆಯ ನಿಯಮ ಬಿಡುತ್ತೇವೆ. ಬದಲಿಗೆ ಈಗಿರುವ ಯಾರನ್ನೂ ಮನೆಗೆ ಕಳಿಸಬಾರದು, ಉಳಿತಾಯದ ಪಾಲು ನಿಧಿಗೆ ಬರಬೇಕು, ವಯಸ್ಸಾದವರಿಗೆ ಬೇಗ ನಿವೃತ್ತಿ ಸಿಗಬೇಕು. ಇದನ್ನು ಸದಸ್ಯರ ಮುಂದಿಟ್ಟು ಮತ ಹಾಕಿಸಿದರು. ಬಹುಮತ ಒಪ್ಪಿತು, ಒಪ್ಪದವರೂ ಕಡಿಮೆ ಇರಲಿಲ್ಲ. ಕಂಟೇನರ್‌ಗಳು ಬಂದು ಕೆಲಸವೇ ಬದಲಾದ ಮೇಲೆ, 1971ರಲ್ಲಿ, ಅದೇ ಬಂದರುಗಳಲ್ಲಿ ಮತ್ತೆ ದೀರ್ಘ ಮುಷ್ಕರ ಆಯಿತು. ಹಾಗಾಗಿ ಇದೊಂದು ಸುಖಾಂತ್ಯದ ಕಥೆ ಅಂತ ನಾನು ಹೇಳುವುದಿಲ್ಲ. ಆದರೆ ನಿಯಮ ಬಿಡುವಾಗಲೂ ಸದಸ್ಯರನ್ನು ಕೇಳಿ, ಬೆಲೆ ಕಟ್ಟಿಸಿಕೊಂಡು ಬಿಟ್ಟರು. ಅದು ದೊಡ್ಡದು.

ಪತ್ರಿಕೆಗಳ ಅಚ್ಚುಮೊಳೆ ಜೋಡಿಸುವವರ ಕಥೆ ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕು. ಜಾಹೀರಾತುದಾರರು ಎಷ್ಟೋ ಸಲ ಸಿದ್ಧ ಅಚ್ಚನ್ನೇ ಪತ್ರಿಕೆಗೆ ಕಳಿಸುತ್ತಿದ್ದರು. ಜಾಹೀರಾತು ಅದರಿಂದಲೇ ಅಚ್ಚಾಗುತ್ತಿತ್ತು. ಆದರೆ ಯೂನಿಯನ್ ನಿಯಮದ ಪ್ರಕಾರ ಅದೇ ಜಾಹೀರಾತನ್ನು ಒಳಗಿನವರು ಮತ್ತೆ ಮೊಳೆ ಜೋಡಿಸಬೇಕು, ಕರಡು ತೆಗೆದು ತಿದ್ದಬೇಕು, ಕೊನೆಗೆ ಕರಗಿಸಲು ಹಾಕಬೇಕು. ಯಾರೂ ಓದದ ಪುಟ. ಕಾರ್ಮಿಕರೇ ಅದನ್ನು ಬೋಗಸ್ ಎಂದು ಕರೆಯುತ್ತಿದ್ದರು. ಕೈಯಲ್ಲಿ ಅಂಥ ಕಸುಬು ಇದ್ದವರಿಗೆ ದಿನವಿಡೀ ಕರಗಿಸುವುದಕ್ಕಾಗಿಯೇ ಜೋಡಿಸುವುದು ಎಂಥ ನೋವು! 1953ರಲ್ಲಿ ಸುಪ್ರೀಂ ಕೋರ್ಟ್ ಇದು ಕಾನೂನುಬಾಹಿರ ಅಲ್ಲ ಅಂದಿತು, ಯಾಕೆಂದರೆ ಕೆಲಸವಂತೂ ನಿಜವಾಗಿ ಆಗುತ್ತಿತ್ತು. 1962ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಪತ್ರಿಕಾ ಮುಷ್ಕರ 114 ದಿನ ನಡೆಯಿತು. ಅದಾಗಿ ಕೆಲವೇ ತಿಂಗಳಲ್ಲಿ ಮಿರರ್ ಪತ್ರಿಕೆ ಬಾಗಿಲು ಹಾಕಿತು. 1974ರಲ್ಲಿ ಅಲ್ಲಿನ ಘಟಕ ಹನ್ನೊಂದು ವರ್ಷದ ಒಪ್ಪಂದ ಮಾಡಿಕೊಂಡಿತು. ಕಂಪ್ಯೂಟರ್ ಬರಲಿ, ಇರುವವರಿಗೆ ಜೀವನಪೂರ್ತಿ ಕೆಲಸ ಇರಲಿ. ಕೆಲಸ ಉಳಿಯಿತು, ಕಸುಬು ಅವರೊಂದಿಗೇ ಮುಗಿಯಿತು.

ನಿಯಮ ಕಾರ್ಮಿಕರ ಮೇಲೇ ತಿರುಗಿಬಿದ್ದದ್ದೂ ಇದೆ. ಇದನ್ನು ಮುಚ್ಚಿಟ್ಟು ಯೂನಿಯನ್ ಪರ ಬರೆಯುವುದು ನನ್ನಿಂದ ಆಗದು. ದಕ್ಷಿಣದ ರೈಲುಗಳಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್‌ಗಳಲ್ಲಿ ಕಪ್ಪು ಜನ ಬಹಳ ಇದ್ದರು. ಫೈರ್‌ಮನ್‌ಗಳ ಯೂನಿಯನ್ ಅವರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಆದರೆ ಅವರ ಪರವಾಗಿಯೂ ಕಂಪನಿ ಜೊತೆ ಮಾತಾಡುವ ಹಕ್ಕು ಅದಕ್ಕೇ ಇತ್ತು. 1941ರಲ್ಲಿ ಕಪ್ಪು ಜನರ ಪಾಲನ್ನು ಮಿತಿಗೊಳಿಸುವ ಒಪ್ಪಂದಕ್ಕೆ ಆ ಯೂನಿಯನ್ನೇ ಸಹಿ ಹಾಕಿತು. ಬೆಸ್ಟರ್ ಸ್ಟೀಲ್ ಎಂಬ ಫೈರ್‌ಮನ್ ಒಳ್ಳೆಯ ಪಾಳಿ ಕಳೆದುಕೊಂಡರು, ಕೋರ್ಟಿಗೆ ಹೋದರು. ಎಲ್ಲರ ಪರವಾಗಿ ಮಾತಾಡುವ ಅಧಿಕಾರ ಬೇಕಿದ್ದರೆ ಎಲ್ಲರನ್ನೂ ನ್ಯಾಯವಾಗಿ ಕಾಣಬೇಕು ಎಂದು 1944ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇಂದು ಅಮೆರಿಕದ ಯಾವ ಕಾರ್ಮಿಕರಾದರೂ ತಮ್ಮ ಯೂನಿಯನ್ ಮೇಲೇ ದೂರು ಕೊಡಬಹುದು ಅಂದರೆ ಅದರ ಬೇರು ಈ ಮೊಕದ್ದಮೆಯಲ್ಲಿದೆ.

ಸೋಮಾರಿಗಳನ್ನು ಯೂನಿಯನ್ ಕಾಪಾಡುತ್ತದೆ ಎಂಬ ದೂರಿಗೂ ಇಲ್ಲೇ ಉತ್ತರ ಇದೆ. ಪಕ್ಕದವರ ಕೆಲಸವನ್ನೂ ತಾನೇ ಮಾಡುವ ಕಾರ್ಮಿಕರಿಗೆ ಆ ಸಿಟ್ಟು ನಿಜವಾದದ್ದು. ಆದರೆ ಶಿಸ್ತು ಕ್ರಮಕ್ಕೆ ಸರಿಯಾದ ಕಾರಣ ಬೇಕು, ವಿಚಾರಣೆ ಆಗಬೇಕು ಎಂಬ ಷರತ್ತು ಎಲ್ಲರಿಗೂ ಒಂದೇ. ಸೋಮಾರಿಗೆ ಅದನ್ನು ತೆಗೆದುಹಾಕಿದರೆ ಮೇಸ್ತ್ರಿಗೆ ಎದುರು ಮಾತಾಡಿದವರಿಗೂ ಹೋಗುತ್ತದೆ. ಶಿಕ್ಷೆ ಆಗಬಹುದಾದ ವಿಚಾರಣೆಗೆ ಕರೆದರೆ ಯೂನಿಯನ್ ಪ್ರತಿನಿಧಿ ಜೊತೆಗಿರಲಿ ಎಂದು ಕೇಳುವ ಹಕ್ಕು 1975ರ ವೈನ್‌ಗಾರ್ಟನ್ ತೀರ್ಪಿನಿಂದ ಬಂತು. ಅದನ್ನು ಸಣ್ಣ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಯೂನಿಯನ್‌ಗಳು ಹಂಚುತ್ತವೆ. ಪರ್ಸಿನಲ್ಲಿ ಮಡಿಸಿಟ್ಟುಕೊಳ್ಳುವಷ್ಟು ಚಿಕ್ಕದು. ಯೂನಿಯನ್ನನ್ನು ದಿನಾ ಬೈಯುವವರ ಪರ್ಸಿನಲ್ಲೂ ಅದು ಇರುತ್ತದೆ.

ಇನ್ನು ಸೀನಿಯಾರಿಟಿ. ಹಳಬರಿಗೆ ಮೊದಲು ಒಳ್ಳೆಯ ಪಾಳಿ, ಹೊಸಬರಿಗೆ ಮೊದಲು ಲೇ-ಆಫ್. ಮೇಸ್ತ್ರಿಯ ಮರ್ಜಿಗಿಂತ ಇದು ಸಾವಿರ ಪಾಲು ಮೇಲು ಎಂದು ಹಳಬರು ಹೇಳುತ್ತಾರೆ. ಚೆನ್ನಾಗಿ ಕೆಲಸ ಮಾಡಿದರೂ ರಾತ್ರಿ ಪಾಳಿ ತಪ್ಪಲ್ವಲ್ಲ ಎಂದು ಹೊಸಬರು ಕೇಳುತ್ತಾರೆ. ಇಬ್ಬರೂ ಸರಿ. ಆದರೆ ಇದಕ್ಕಿಂತ ಆಳವಾದ ಬಿರುಕು ಬಿದ್ದದ್ದು ಎರಡು ಥರದ ಸಂಬಳದಿಂದ. 2007ರಲ್ಲಿ ಕಾರು ಕಂಪನಿಗಳು ಕಷ್ಟದಲ್ಲಿದ್ದಾಗ ಕಾರು ಕಾರ್ಮಿಕರ ಯುಎಡಬ್ಲ್ಯು ಯೂನಿಯನ್ ಒಂದು ಒಪ್ಪಂದ ಮಾಡಿಕೊಂಡಿತು. ಹಳಬರಿಗೆ ಗಂಟೆಗೆ ಸುಮಾರು 28 ಡಾಲರ್, ಹೊಸಬರಿಗೆ ಸುಮಾರು 14, ಪಿಂಚಣಿಯೂ ಇಲ್ಲ. ಒಂದೇ ಕಾರಿನ ಎಡಬಾಗಿಲು ಹಾಕುವವರಿಗೆ ಒಂದು ಕೂಲಿ, ಬಲಬಾಗಿಲು ಹಾಕುವವರಿಗೆ ಅದರ ಅರ್ಧ. ಆಗ ಮತ ಹಾಕಿದವರು ಹಳಬರು. ಹೊಸಬರು ಇನ್ನೂ ಕೆಲಸಕ್ಕೇ ಬಂದಿರಲಿಲ್ಲ. ಹುಟ್ಟದವರ ಪಾಲನ್ನು ಬಿಟ್ಟುಕೊಟ್ಟ ಹಾಗೆ ಆಯಿತು ಅಲ್ವಾ?

ಅದರ ಬೆಲೆ 2023ರಲ್ಲಿ ಎದ್ದು ಕಂಡಿತು. ಆ ಸೆಪ್ಟೆಂಬರ್ 15ರಂದು ಯುಎಡಬ್ಲ್ಯು ಮೂರೂ ದೊಡ್ಡ ಕಂಪನಿಗಳ ಮೇಲೆ ಒಮ್ಮೆಗೇ ಮುಷ್ಕರ ಹೂಡಿತು. ಮೊದಲು ಮೂರೇ ಕಾರ್ಖಾನೆ, ಆಮೇಲೆ ಹಂತ ಹಂತವಾಗಿ ಇನ್ನಷ್ಟು ಸೇರಿಸುತ್ತಾ ಹೋಯಿತು. ಭತ್ಯೆ ವಾರಕ್ಕೆ 500 ಡಾಲರ್. ಸುಮಾರು ಆರು ವಾರದಲ್ಲಿ ಶೇ 25ರ ಏರಿಕೆ ಸಿಕ್ಕಿತು. ಪೂರ್ತಿ ಸಂಬಳಕ್ಕೆ ಎಂಟು ವರ್ಷ ಕಾಯಬೇಕಿದ್ದವರಿಗೆ ಅದು ಮೂರು ವರ್ಷಕ್ಕೆ ಇಳಿಯಿತು. ಇಷ್ಟು ಗೆದ್ದರೂ ಜನರಲ್ ಮೋಟಾರ್ಸ್‌ನಲ್ಲಿ ಒಪ್ಪಂದಕ್ಕೆ ಬಿದ್ದದ್ದು ಸುಮಾರು ಶೇ 55 ಮತ ಮಾತ್ರ. ಈ ಸಲ ಹಳಬರಿಗೆ ತಮಗೆ ಕಡಿಮೆ ಸಿಕ್ಕಿತು ಅನ್ನಿಸಿತ್ತು. 2007ರ ನಂತರ ಬಂದವರಿಗೆ ಪಿಂಚಣಿ ಆಗಲೂ ಸಿಗಲಿಲ್ಲ.

ಯಂತ್ರದ ಭಯವೂ ಹೊಸ ರೂಪದಲ್ಲಿ ಬಂದಿದೆ. ಹಾಲಿವುಡ್ ಬರಹಗಾರರು 148 ದಿನ ನಿಂತು ತಂದ ಒಪ್ಪಂದದಲ್ಲಿ ಕೃತಕ ಬುದ್ಧಿಮತ್ತೆಯನ್ನು ಬರಹಗಾರ ಎಂದು ಎಣಿಸುವ ಹಾಗಿಲ್ಲ, ಅದನ್ನು ಬಳಸಲೇಬೇಕು ಎಂದು ಬರಹಗಾರರನ್ನು ಒತ್ತಾಯಿಸುವ ಹಾಗಿಲ್ಲ. 2024ರ ಅಕ್ಟೋಬರ್ 1ರಿಂದ ಪೂರ್ವ ಕರಾವಳಿಯ ಬಂದರು ಕಾರ್ಮಿಕರು ಮೂರು ದಿನ ಮುಷ್ಕರ ಹೂಡಿ ಆರು ವರ್ಷಕ್ಕೆ ಸುಮಾರು ಶೇ 62ರ ಏರಿಕೆ ಪಡೆದರು. ಯಂತ್ರಗಳ ಬಗ್ಗೆ ಮಾತು ಮಾತ್ರ ಮರುವರ್ಷದ ಜನವರಿ ತನಕ ಎಳೆಯಿತು. ಇವು 1960ರ ಬಂದರಿನ ಪ್ರಶ್ನೆಗಳೇ. ಇಂದು ಬೋಗಸ್ ಆಗದ, ನಾಳೆಯೂ ಅರ್ಥ ಉಳಿಯುವ ನಿಯಮವನ್ನು ಬರೆಯುವುದು ಹೇಗೆ ಎಂಬುದೇ ಅಲ್ಲಿನ ಜನ ಈಗ ತಲೆ ಕೆಡಿಸಿಕೊಂಡಿರುವ ವಿಷಯ.

ಯುಎಡಬ್ಲ್ಯು ಒಪ್ಪಂದ 2028ರ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಮರುದಿನ ಮೇ ಒಂದು. ಈ ದಿನವನ್ನು ಬೇಕೆಂದೇ ಆರಿಸಿಕೊಂಡರು. ನಿಮ್ಮ ಒಪ್ಪಂದಗಳೂ ಅದೇ ಹೊತ್ತಿಗೆ ಮುಗಿಯುವ ಹಾಗೆ ಮಾಡಿಕೊಳ್ಳಿ ಎಂದು ಯೂನಿಯನ್ ಅಧ್ಯಕ್ಷ ಶಾನ್ ಫೇನ್ ಉಳಿದ ಯೂನಿಯನ್‌ಗಳನ್ನು ಕೇಳಿದ್ದಾರೆ. ಬೇರೆಯವರ ಜಗಳಕ್ಕೆ ಪಿಕೆಟ್ ಮಾಡುವುದನ್ನು 1947ರ ಕಾನೂನು ತಡೆಯುತ್ತದೆ. ತಂತಮ್ಮ ಒಪ್ಪಂದ ಮುಗಿದು ಎಲ್ಲರೂ ಒಂದೇ ದಿನ ತಂತಮ್ಮ ಗೇಟಿನ ಮುಂದೆ ನಿಂತರೆ ಅದನ್ನು ಆ ಕಾನೂನು ತಡೆಯಲಾರದು. ಬೋಯಿಂಗ್ ಕಾರ್ಮಿಕರ ನಾಲ್ಕು ವರ್ಷದ ಒಪ್ಪಂದವೂ ಮುಗಿಯುವುದು 2028ರಲ್ಲೇ. 2014ರಲ್ಲಿ ಹೋದ ಪಿಂಚಣಿ ಆಗ ಮತ್ತೆ ಮೇಜಿನ ಮೇಲೆ ಬರಬಹುದು.